ಕೈಗೆ ಕೇಳಿಸಿದ್ದು

ಕಪಿಲೆಯ ದಂಡೆಯಲ್ಲಿ ಒಂದು ಕಲ್ಲಿನ ಮಂಟಪವಿತ್ತು. ಬೆಳಗಿನ ಹೊತ್ತು ಸರ್ವಮಂಗಳಮ್ಮ ಅಲ್ಲಿ ಕೂತಿರುತ್ತಿದ್ದರು. ಮನಸ್ಸಿನಲ್ಲಿ ಭಾರ ಇಟ್ಟುಕೊಂಡವರು ಯಾರು ಬೇಕಾದರೂ ಬಂದು ಅವರ ಪಕ್ಕ ಕೂರಬಹುದಿತ್ತು.

ಆಕೆ ಮನಃಶಾಸ್ತ್ರಜ್ಞೆ. ಹಾಲೆಂಡಿನಲ್ಲಿ ಓದಿ ಅಲ್ಲೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಕೀನ್ಯಾದ ನಿರಾಶ್ರಿತರ ನಡುವೆ ಇದ್ದು, ಜಪಾನಿನಲ್ಲಿ ಪಾಠ ಹೇಳಿ, ಕೂದಲು ಬೆಳ್ಳಗಾದ ಮೇಲೆ ಹೊಳೆಯ ಪಕ್ಕಕ್ಕೆ ಬಂದು ನೆಲೆಸಿದವರು.

ಇಷ್ಟು ದೇಶ ಸುತ್ತಿದವರು ಏನೋ ದೊಡ್ಡ ಉಪದೇಶ ಕೊಡುತ್ತಾರೆ ಎಂದುಕೊಂಡು ಬಂದವರು ಬರಿಗೈಯಲ್ಲಿ ಹೋಗುತ್ತಿದ್ದರು. ಆಕೆ ಕೇಳಿಸಿಕೊಳ್ಳುತ್ತಿದ್ದರು, ಅಷ್ಟೇ. ಎದುರಿಗೆ ಕೂತವರ ದಾರಿ ಅವರಿಗೇ ಗೊತ್ತಿರುತ್ತದೆ, ನಾವು ಜೊತೆಗೆ ನಡೆದರೆ ಸಾಕು ಎನ್ನುವುದು ಆಕೆಯ ನಂಬಿಕೆ.

ತಿಪ್ಪೇಶ ಆಕೆಯ ಶಿಷ್ಯ. ಚಿತ್ರದುರ್ಗದ ಕಡೆಯವನು, ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವನು. ಗುರು ವಿದೇಶದಲ್ಲಿದ್ದಾಗ ರೋಗಿಗಳ ಜೊತೆ ಆಡಿದ ಮಾತಿನ ಟೇಪುಗಳನ್ನೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ಒಳ್ಳೆಯ ಹುಡುಗ. ಒಳ್ಳೆಯ ಹುಡುಗರಿಗೆ ಇರುವ ಕಷ್ಟ ಅವನಿಗೂ ಇತ್ತು, ತಪ್ಪು ಮಾಡುವುದೆಂದರೆ ಜೀವಭಯ.

ಒಂದು ಬೆಳಿಗ್ಗೆ ಪೈಲ್ವಾನ್ ಮುದ್ದೇಗೌಡರು ಮಂಟಪಕ್ಕೆ ಬಂದರು. ಊರಿನ ಗರಡಿಮನೆ ಅವರದು. ಮಂಟಪದ ಕಂಬಕ್ಕೂ ಅವರ ತೊಡೆಗೂ ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ಸರ್ವಮಂಗಳಮ್ಮ ಎದ್ದು ಜಾಗ ಬಿಟ್ಟರು. "ಗೌಡ್ರೇ, ಇವನು ತಿಪ್ಪೇಶ. ನಿಮಗೆ ಒಪ್ಪಿಗೆ ಇದ್ರೆ ಇವನ ಜೊತೆ ಮಾತಾಡಿ."

ಮುದ್ದೇಗೌಡರು ತಿಪ್ಪೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆಗ್ಲಿ ಬುಡಿ," ಅಂದರು.

ಇಬ್ಬರೂ ಹೊಳೆಯ ಕಡೆ ಮುಖ ಮಾಡಿ ಕೂತರು.

"ಮೊಮ್ಮಗಳು ಹುಟ್ಟವ್ಳೆ ಸಾರ್," ಅಂದರು ಮುದ್ದೇಗೌಡರು.

"ಮೊಮ್ಮಗಳು ಹುಟ್ಟಿದ್ದಾಳೆ," ಅಂದ ತಿಪ್ಪೇಶ.

ಗೌಡರು ಒಮ್ಮೆ ತಿರುಗಿ ನೋಡಿದರು. "ನಾನಿನ್ನೂ ಅದನ್ನ ಎತ್ಕಂಡಿಲ್ಲ."

"ನೀವಿನ್ನೂ ಎತ್ತಿಕೊಂಡಿಲ್ಲ."

"ಈ ಭಾನುವಾರ ತೊಟ್ಟಿಲಿಗೆ ಹಾಕೋದು. ನಮ್ಮನೇಲಿ ಒಂದು ಪದ್ಧತಿ ಅದೆ. ತೊಟ್ಟಿಲಿಗೆ ಹಾಕೋಕ್ ಮುಂಚೆ ಮನೆ ಹಿರೀ ಪೈಲ್ವಾನ ಮಗೀನ ಎತ್ಕಂಡು, ಗರಡಿ ಬಾಗ್ಲಲ್ಲಿ ನಿಂತು ಹಣೆಗೆ ಗರಡಿ ಮಣ್ಣು ಹಚ್ಬೇಕು. ಗಂಡಾಗ್ಲಿ ಹೆಣ್ಣಾಗ್ಲಿ. ನನ್ನ ಮಗಳಿಗೆ ನಾನೇ ಹಚ್ಚಿದ್ದೆ. ಈಗ ನನ್ ಕೈಲಿ ಆಗಾಕಿಲ್ಲ."

"ನಿಮ್ಮ ಕೈಲಿ ಆಗಲ್ಲ."

"ಹೆಣ್ಣು ಹುಟ್ತು ಅಂತ ನೀನು ಎತ್ಕತಿಲ್ಲ ಅಂತವ್ಳೆ ಮಗಳು. ಭಾನುವಾರ ಎತ್ಕಳ್ದೆ ಇದ್ರೆ ಗಂಡನ ಮನೆಗೆ ಹೊಂಟೋಯ್ತೀನಿ, ಇನ್ನು ಈ ಹೊಸ್ತಿಲು ತುಳಿಯಾಕಿಲ್ಲ ಅಂತವ್ಳೆ."

"ಇನ್ನು ಈ ಹೊಸ್ತಿಲು ತುಳಿಯಲ್ಲ ಅಂತ."

ಹೀಗೇ ತಿರುಗಿ ಹೇಳುತ್ತಾ ಹೋಗಬೇಕು ಎಂದು ತಿಪ್ಪೇಶ ಟೇಪುಗಳಿಂದ ಕಲಿತಿದ್ದ. ಎಷ್ಟು ತಲೆ ಆಡಿಸಬೇಕು, ಯಾವಾಗ ಹೂಂಗುಡಬೇಕು ಎನ್ನುವುದರ ಮೇಲೇ ಅವನ ಗಮನವೆಲ್ಲ ಇತ್ತು.

ಮುದ್ದೇಗೌಡರು ತಮ್ಮ ಕೈಗಳನ್ನು ನೋಡಿಕೊಂಡರು.

"ಮೂರು ವರ್ಷದ ಹಿಂದೆ ತಾಲೀಮು ಮಾಡಿಸ್ವಾಗ ನಮ್ಮ ಹುಡುಗ ರಾಚಪ್ಪನ ಕತ್ತು ಮುರೀತು. ನನ್ ಕೈಲೇ ಮುರೀತು. ಈಗ ವಾಸಿಯಾಗವ್ನೆ. ಸೈಕಲ್ ಶಾಪ್ ಮಡಗವ್ನೆ, ಮದ್ವೇನೂ ಆಗವ್ನೆ. ಅವ್ನೇ ಚೆಂದಾಗವ್ನೆ, ನಿಂಗೇನಯ್ಯ ಅಂತಾರೆ ಎಲ್ರೂವೆ. ಏನ್ ಮಾಡ್ಲಿ, ಆ ಸದ್ದು ನನ್ ಕೈಗೆ ಕೇಳುಸ್ಬುಡ್ತು."

"ಆ ಸದ್ದು ನಿಮ್ಮ ಕೈಗೆ ಕೇಳಿಸಿತು," ಅಂದು ತಿಪ್ಪೇಶ ತಲೆ ಆಡಿಸಿದ.

ಗೌಡರು ಎದ್ದು ನಿಂತರು.

"ಅಲ್ಲ ಸಾರ್, ನಾನು ಹೇಳಿದ್ನೇ ನಂಗೆ ಹೇಳ್ತಿದ್ದೀರಲ್ಲ. ಗಿಳಿ ಸಾಕಿದ್ರೂ ಇಷ್ಟು ಚೆಂದಾಗಿ ಹೇಳ್ತಿರ್ನಿಲ್ಲ. ಅಣಕಿಸ್ತಿದ್ದೀರಾ?"

"ಇಲ್ಲ ಗೌಡ್ರೇ, ಅದು…"

"ಇರ್ಲಿ ಬುಡಿ. ತಪ್ಪು ನಂದೇಯ. ಇಂಥದ್ನೆಲ್ಲ ಪೈಲ್ವಾನ ಅನ್ನಿಸ್ಕಂಡೋನು ಬಾಯ್ಬುಟ್ಟು ಹೇಳ್ಬಾರ್ದಾಗಿತ್ತು."

ಅವರು ಮೆಟ್ಟಿಲಿಳಿದು ಹೋದರು. ಬೈದು ಹೋಗಿದ್ದರೆ ವಾಸಿಯಿತ್ತು. ನಾಚಿಕೊಂಡು ಹೋದರು. ಭಾನುವಾರ ಮಗಳು ಹೊಸ್ತಿಲು ದಾಟಿ ಹೋದರೆ ಆ ಪಾಪದಲ್ಲಿ ತನಗೂ ಪಾಲಿದೆ ಎಂದು ತಿಪ್ಪೇಶನಿಗೆ ಅನ್ನಿಸಿತು.

ಅವನು ಗುರುವಿನ ಬಳಿ ಓಡಿದ. ಸರ್ವಮಂಗಳಮ್ಮ ಹೊಳೆಯ ಕಲ್ಲಿನ ಮೇಲೆ ಸೀರೆ ಒಗೆಯುತ್ತಿದ್ದರು.

"ಅಮ್ಮಾ, ದೊಡ್ಡ ತಪ್ಪಾಗೋಯ್ತು."

"ದೊಡ್ಡ ತಪ್ಪಾಗಿದೆ," ಅಂದರು ಸರ್ವಮಂಗಳಮ್ಮ.

"ಗೌಡ್ರು ಎದ್ದು ಹೋಗ್ಬಿಟ್ರು."

"ಎದ್ದು ಹೋದರು."

"ಪೂರ್ತಿ ಹೇಳ್ಲೂ ಇಲ್ಲ."

"ಪೂರ್ತಿ ಹೇಳಲಿಲ್ಲ."

"ಅಮ್ಮಾ, ನನಗೆ ಏನು ಮಾಡೋದು ಅಂತ ಗೊತ್ತಾಗದೆ ಬಂದಿದ್ದೀನಿ."

"ಗೊತ್ತಾಗದೆ ಬಂದಿದ್ದೀಯ."

ತಿಪ್ಪೇಶನಿಗೆ ರೇಗಿತು. "ನಾನಿಲ್ಲಿ ಒದ್ದಾಡ್ತಿದ್ದೀನಿ, ನೀವು ಆಟ ಆಡ್ತಿದ್ದೀರಲ್ಲ!"

ಸರ್ವಮಂಗಳಮ್ಮ ಸೀರೆಯನ್ನು ಹಿಂಡಿ ಕಲ್ಲಿನ ಮೇಲಿಟ್ಟರು. "ಹೇಗಿತ್ತು?"

ತಿಪ್ಪೇಶ ಮೆಲ್ಲಗೆ ಅಂದ, "ಆದ್ರೆ ಅಮ್ಮಾ, ವಿಧಾನ ಸರಿಯಾಗೇ ಇತ್ತು. ಒಂದು ಮಾತೂ ತಪ್ಪಿಲ್ಲ. ನಿಮ್ಮ ಟೇಪಿನಲ್ಲಿ ನೀವೂ ಹೀಗೇ ತಾನೇ ಮಾಡೋದು?"

"ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ," ಅಂದರು ಸರ್ವಮಂಗಳಮ್ಮ. "ಕೂತ್ಕೋ."

ಅವನು ಕೂತ.

"ಆ ಟೇಪು ಹಾಲೆಂಡಿನ ಮೊದಲ ವರ್ಷದ್ದು. ಬಂದರಿನ ಪಕ್ಕದ ಆಸ್ಪತ್ರೆ. ನನಗೆ ಅವರ ಭಾಷೆ ಅರೆಬರೆ. ಹಡಗಿನಲ್ಲಿ ಕೆಲಸ ಮಾಡೋನೊಬ್ಬ ಬಂದು ಏನೇನೋ ಹೇಳ್ಕೊಳ್ತಿದ್ದ. ನನಗೆ ತಿಳಿದಿದ್ದು ಸರಿಯಾ ಅಂತ ನೋಡೋಕೆ ಅವನ ಮಾತನ್ನೇ ತಿರುಗಿ ಹೇಳ್ತಿದ್ದೆ. ತಪ್ಪಿದ್ರೆ ಅವನು ತಿದ್ದೋನು. ನನ್ನನ್ನ ತಿದ್ತಾ ತಿದ್ತಾ ತನ್ನ ಮನಸ್ಸಲ್ಲಿ ಏನಿದೆ ಅಂತ ಅವನಿಗೇ ಗೊತ್ತಾಯ್ತು."

"ಆಮೇಲೆ?"

"ಅಲ್ಲಿನ ಪ್ರೊಫೆಸರು ಇದೆಂಥ ಅದ್ಭುತ ವಿಧಾನ ಅಂತ ಹೊಗಳಿದ್ರು. ನಾನೂ ಹೌದೇನೋ ಅಂದ್ಕೊಂಡೆ. ಕೀನ್ಯಾದಲ್ಲಿ ಒಬ್ಬಳು ಅಜ್ಜಿ, ನಿನಗೆ ಕಿವಿ ಮಂದವಾ ಮಗಳೇ ಅಂತ ಕೇಳಿದ್ಲು. ಆದ್ರೂ ಬುದ್ಧಿ ಬರ್ಲಿಲ್ಲ. ಜಪಾನಿನಲ್ಲಿ ನನ್ನ ತರಗತಿಯ ಮಕ್ಕಳೆಲ್ಲ ಒಬ್ಬರ ಮಾತನ್ನ ಒಬ್ಬರು ತಿರುಗಿ ಹೇಳ್ತಾ ಕೂತಿದ್ದು ನೋಡಿದ ಮೇಲೆ ನಗು ಬಂತು."

ತಿಪ್ಪೇಶನಿಗೆ ನಗು ಬರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಹೊಳೆಗೆ ಹೋಯಿತಲ್ಲ ಎಂದು ಸಂಕಟವಾಯಿತು. "ಹಾಗಾದ್ರೆ ತಿರುಗಿ ಹೇಳೋದೇ ತಪ್ಪಾ?"

"ನನಗೆ ಗೊತ್ತಿರ್ಲಿಲ್ಲ, ಅದಕ್ಕೆ ತಿರುಗಿ ಹೇಳ್ತಿದ್ದೆ. ಗೌಡ್ರು ಹೇಳಿದ್ದರಲ್ಲಿ ನಿನಗೆ ಗೊತ್ತಾಗದೆ ಇದ್ದಿದ್ದು ಯಾವುದು?"

ತಿಪ್ಪೇಶ ಗೌಡರ ಒಂದೊಂದೇ ಮಾತನ್ನು ನೆನೆಸಿಕೊಂಡ.

"ಮುರಿದ ಸದ್ದು ಕೈಗೆ ಕೇಳಿಸ್ತು ಅಂದ್ರು. ಅದು ನನಗೆ ಅರ್ಥ ಆಗ್ಲಿಲ್ಲ."

"ಅರ್ಥ ಆಗದೆ ಇದ್ದಾಗ ಏನು ಮಾಡ್ದೆ?"

"ತಲೆ ಆಡಿಸ್ದೆ."

ಸರ್ವಮಂಗಳಮ್ಮ ಇನ್ನೊಂದು ಸೀರೆ ತೆಗೆದು ನೀರಿಗೆ ಅದ್ದಿದರು.

"ಅವರ ಹತ್ರ ಹೋಗ್ಲಾ ಅಮ್ಮ?"

"ಯಾರಿಗೋಸ್ಕರ?"

ಅವರಿಗೋಸ್ಕರ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಿಪ್ಪೇಶ ಅದನ್ನು ನುಂಗಿಕೊಂಡ. "ನನಗೋಸ್ಕರ. ಸಮಾಧಾನ ಇಲ್ಲ ನನಗೆ."

"ಹಾಗಾದ್ರೆ ಹಾಗಂತಲೇ ಹೇಳು, ಹೋಗು."

ಮರುದಿನ ಅವನು ಗರಡಿಗೆ ಹೋದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಕಾಲಿಟ್ಟ. ಗರಡಿಯ ಬಾಗಿಲು ಗಿಡ್ಡ, ಎಂಥ ಪೈಲ್ವಾನನೂ ಬಗ್ಗಿಯೇ ಒಳಗೆ ಹೋಗಬೇಕು.

ಮುದ್ದೇಗೌಡರು ಒಬ್ಬರೇ ಇದ್ದರು. ಅಖಾಡದ ಕೆಮ್ಮಣ್ಣನ್ನು ಸನಿಕೆಯಿಂದ ಮಗುಚುತ್ತಿದ್ದರು. ಮೂರು ವರ್ಷದಿಂದ ಅವರು ಯಾರ ಮೇಲೂ ಕೈಯಿಟ್ಟಿರಲಿಲ್ಲ. ಹುಡುಗರಿಗೆ ಬೇರೆ ಯಾರೋ ತಾಲೀಮು ಮಾಡಿಸುತ್ತಿದ್ದರು. ಮಣ್ಣು ಹದ ಮಾಡುವ ಕೆಲಸ ಒಂದನ್ನೇ ಗೌಡರು ಉಳಿಸಿಕೊಂಡಿದ್ದರು.

"ಏನ್ ಸಾರ್, ಇಲ್ಲೀಗಂಟ?"

"ಗೌಡ್ರೇ, ನಾನು ನಿಮಗೋಸ್ಕರ ಬಂದಿಲ್ಲ. ನನಗೋಸ್ಕರ ಬಂದೆ."

ಗೌಡರು ಸನಿಕೆ ಊರಿ ನಿಂತರು.

"ನಿನ್ನೆ ನೀವು ಹೇಳ್ತಿದ್ದಾಗ ನಾನು ಕೇಳಿಸ್ಕೊಳ್ತಾನೇ ಇರ್ಲಿಲ್ಲ. ನಿಮ್ಮನ್ನ ನೋಡಿ ಹೆದರಿದ್ದೆ. ಎಲ್ಲಿ ತಪ್ಪು ಮಾತಾಡ್ತೀನೋ ಅಂತ ನಿಮ್ಮ ಮಾತನ್ನ ನಿಮಗೇ ವಾಪಸ್ ಕೊಡ್ತಿದ್ದೆ."

"ಹೆದ್ರಿದ್ದಾ? ನಂಗೆ?"

"ಹೂಂ."

ಮುದ್ದೇಗೌಡರು ಅಖಾಡದ ಕಟ್ಟೆಯ ಮೇಲೆ ಕೂತರು. ಅವರ ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋಯಿತು.

"ನಾನೂ ನಂಗೇ ಹೆದರ್ಕಂಡಿದೀನಿ ಕಣಪ್ಪ."

ನಿಮಗೆ ನಿಮ್ಮದೇ ಹೆದರಿಕೆ ಎಂದು ತಿರುಗಿ ಹೇಳಲು ತಿಪ್ಪೇಶನ ಬಾಯಿ ತೆರೆದೇಬಿಟ್ಟಿತ್ತು. ಕಲಿತ ಗುಣ ಸುಟ್ಟರೂ ಹೋಗುವುದಿಲ್ಲ. ಕಷ್ಟಪಟ್ಟು ಮುಚ್ಚಿಕೊಂಡ. ಅವರ ಪಕ್ಕ ಕೂತ.

"ಗೌಡ್ರೇ, ಆ ಸದ್ದು ಕೈಗೆ ಕೇಳಿಸ್ತು ಅಂದ್ರಿ. ನನಗೆ ಅರ್ಥ ಆಗ್ಲಿಲ್ಲ. ಕೈಗೆ ಹೇಗೆ ಕೇಳಿಸುತ್ತೆ?"

ಅದನ್ನು ಮರೆತುಬಿಡಿ ಎಂದವರು ಊರಲ್ಲಿ ನೂರು ಮಂದಿ ಇದ್ದರು. ಅದು ಹೇಗಿತ್ತು ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಮುದ್ದೇಗೌಡರು ಬಲಗೈಯನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿದರು.

"ಹೆಂಗೆ ಹೇಳಾದು. ಇಲ್ನೋಡು. ಹಿಂಗೆ ಹಿಡ್ದಿದ್ದೆ."

ಹಾಗೆ ಅನ್ನುತ್ತಲೇ ಅವರ ಕೈ ತಿಪ್ಪೇಶನ ಕತ್ತಿನ ಹಿಂದೆ ಬಂದು ಕೂತಿತು. ಭಾರವಾದ, ಬಿಸಿಯಾದ, ಮಣ್ಣು ಮೆತ್ತಿದ ಕೈ. ಹುಡುಗನ ಕತ್ತು ಅದರೊಳಗೆ ಪೂರ್ತಿ ಹಿಡಿಸಿತು.

"ಹಿಂಗೆ ಒಸಿ ಒತ್ತಿ, ತಿರುಗ್ಸಿ ಬೀಳುಸ್ಬೇಕು. ದಿನಾ ಮಾಡೋ ಪಟ್ಟು. ಅವತ್ತು ಅವನ ಕಾಲು ಜಾರ್ತು. ಕಿವೀಗೆ ಏನೂ ಕೇಳುಸ್ನಿಲ್ಲ ಕಣಪ್ಪ. ಬೆರಳೊಳಗೆ ಕಟ್ ಅಂತು. ಒಣಗಿದ ಕಡ್ಡಿ ಮುರ್ದಂಗೆ. ಅದಾದ್ಮೇಲೆ ಏನು ಮುಟ್ಟಿದ್ರೂ ಅದೇಯ. ಮಗು ತಂದು ಮುಂದೆ ಹಿಡುದ್ರು ಅನ್ನು, ಮುಟ್ಟೋಕ್ ಮುಂಚೇನೇ ಕೈಯೊಳಗೆ ಕಟ್ ಅಂತದೆ."

ಆಗ ಗೌಡರಿಗೆ ತಮ್ಮ ಕೈ ಎಲ್ಲಿದೆ ಎನ್ನುವುದು ಕಾಣಿಸಿತು.

ಅವರ ಮಾತು ನಿಂತಿತು. ಕೈ ನಡುಗತೊಡಗಿತು. ತೆಗೆಯಲಿಕ್ಕೂ ಆಗದೆ ಇಡಲಿಕ್ಕೂ ಆಗದೆ ಹಾಗೇ ಕೂತರು.

"ನಿಂಗೆ ಭಯ ಆಯ್ತಿಲ್ವಾ?"

"ಆಗ್ತಿದೆ," ಅಂದ ತಿಪ್ಪೇಶ. ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

"ಮತ್ಯಾಕೆ ಎದ್ದು ಓಡ್ನಿಲ್ಲ?"

"ನೀವಿನ್ನೂ ಹೇಳಿ ಮುಗಿಸಿಲ್ಲವಲ್ಲ."

ಮುದ್ದೇಗೌಡರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ಇನ್ನೊಂದು ಅದೆ. ಇದ್ನ ಯಾರ್ಗೂ ಹೇಳಿಲ್ಲ. ಅವನು ಮಣ್ಣಲ್ಲಿ ಬಿದ್ದಿದ್ದ. ಅಲ್ಲಾಡಾಕೂ ಆಗ್ತಿರ್ನಿಲ್ಲ. ನನ್ನ ಮಖ ನೋಡಿ, ಹೆದರ್ಕಬ್ಯಾಡಿ ಗುರುಗಳೇ, ನಂಗೇನೂ ಆಗಿಲ್ಲ ಅಂದ. ಕತ್ತು ಮುರ್ಕಂಡು ಬಿದ್ದೋನು ನಂಗೆ ಧೈರ್ಯ ಹೇಳ್ದ. ನಾನು ಅವನ ಕೈ ಕೂಡ ಹಿಡ್ಕಳ್ನಿಲ್ಲ. ಹಿಂದಕ್ಕೆ ಸರ್ಕಂಡ್ಬುಟ್ಟೆ."

"ಹಿಂದಕ್ಕೆ ಸರಿದಿದ್ದು ನಿಮ್ಮನ್ನ ಜಾಸ್ತಿ ಸುಡ್ತಿದೆಯಾ? ಮುರಿದಿದ್ದಕ್ಕಿಂತ?" ತಿಪ್ಪೇಶ ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಗೌಡರು ಯೋಚಿಸಿದರು.

"ಹೂಂ," ಅಂದರು. "ಅದೇಯ. ಮುರ್ದದ್ದು ಅಚಾತುರ್ಯ, ಯಾರ್ ಕೈಲಾದ್ರೂ ಆಯ್ತಿತ್ತು. ಸರ್ಕಂಡಿದ್ದು ಮಾತ್ರ ನಾನು."

ಅಷ್ಟು ಹೇಳಿ ಅವರು ಜೋರಾಗಿ ಅತ್ತರು. ಅಳು ನಿಂತಾಗ ಕೈಯ ನಡುಕವೂ ನಿಂತಿತ್ತು. ಕೈ ಮಾತ್ರ ತಿಪ್ಪೇಶನ ಕತ್ತಿನ ಮೇಲೇ ಇತ್ತು. ಅವರು ಅದನ್ನು ಮೆಲ್ಲಗೆ ಎತ್ತಿಕೊಂಡರು.

"ಕತ್ತು ಚೆಂದಾಗದಾ?"

ತಿಪ್ಪೇಶ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ. "ಚೆನ್ನಾಗಿದೆ ಗೌಡ್ರೇ."

ಇಬ್ಬರಿಗೂ ನಗು ಬಂತು. ಯಾಕೆ ನಗುತ್ತಿದ್ದೇವೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ತಿಪ್ಪೇಶ ಮಂಟಪಕ್ಕೆ ಹಗುರಾಗಿ ಬಂದ. ಬಂದವನಿಗೆ ಅರ್ಧ ಗಂಟೆಯೊಳಗೆ ಮತ್ತೆ ಯೋಚನೆ ಹತ್ತಿಕೊಂಡಿತು.

"ಅಮ್ಮಾ, ಭಾನುವಾರ ಎತ್ಕೊಳ್ತಾರೆ ತಾನೇ?"

"ನನಗೇನು ಗೊತ್ತು?"

"ಬರುವಾಗ ಒಂದು ಮಾತು ಹೇಳಬೇಕಿತ್ತೇನೋ. ಮಗೂನ ಎತ್ಕೊಳ್ಳಿ ಗೌಡ್ರೇ, ಅಂತ."

"ಎತ್ಕೋಬೇಕು ಅನ್ನೋದು ಅವರಿಗೆ ಗೊತ್ತಿರ್ಲಿಲ್ವಾ?"

ಭಾನುವಾರದವರೆಗೆ ತಿಪ್ಪೇಶನಿಗೆ ಊಟ ಸೇರಲಿಲ್ಲ.

ಭಾನುವಾರ ಗೌಡರ ಮನೆಯಿಂದ ಇಬ್ಬರಿಗೂ ಕರೆ ಬಂತು. ಹೋದಾಗ ಹೆಂಗಸರು ಹಾಡುತ್ತಾ ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದರು. ಜಗಲಿಯ ಮೇಲೆ ಒಂದು ಸೂಟ್‌ಕೇಸು ತಯಾರಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಗೌಡರ ಮಗಳು ಪಲ್ಲವಿ ಮಗುವನ್ನು ಎದೆಗವಚಿಕೊಂಡು, ಮುಖ ಬಿಗಿದುಕೊಂಡು ಕೂತಿದ್ದಳು.

ಮುದ್ದೇಗೌಡರು ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು ಮನೆಯ ಪಕ್ಕದ ಗರಡಿಯ ಬಾಗಿಲಲ್ಲಿ ನಿಂತಿದ್ದರು. ಅವರ ಪಕ್ಕ ಕೆಮ್ಮಣ್ಣಿನ ತಟ್ಟೆ ಹಿಡಿದು ಒಬ್ಬ ಯುವಕ ನಿಂತಿದ್ದ. ಅವನ ಕತ್ತು ಒಂದು ಕಡೆಗೆ ಸ್ವಲ್ಪ ವಾಲಿತ್ತು. ಅವನೇ ರಾಚಪ್ಪ. ಹಿಂದಿನ ದಿನ ಗೌಡರು ತಾವಾಗಿ ಅವನ ಅಂಗಡಿಗೆ ಹೋಗಿ, ಅವನ ಎರಡೂ ಕೈ ಹಿಡಿದು ಕರೆದಿದ್ದರಂತೆ.

ಪಲ್ಲವಿ ಎದ್ದು ಬಂದಳು. ಮಗುವನ್ನು ಮುಂದೆ ಚಾಚಲಿಲ್ಲ.

"ಅವ್ವಾ," ಅಂದರು ಗೌಡರು, ಎಲ್ಲರ ಮುಂದೆಯೇ. "ಹೆಣ್ಣು ಅಂತಲ್ಲ ಕಣವ್ವ. ರಾಚಪ್ಪಂಗೆ ಹಂಗಾದಾಗಿಂದ ನನ್ ಕೈ ಕಂಡ್ರೆ ನಂಗೇ ಭಯ ಆಗೋಗಿತ್ತು. ಎಲ್ಲಿ ಮಗೀಗೆ ಏನಾರಾ ಮಾಡ್ಬುಟ್ಟೇನೋ ಅಂತ."

ಪಲ್ಲವಿ ಅಪ್ಪನ ಮುಖವನ್ನೇ ನೋಡಿದಳು. ಬಿಗಿದಿದ್ದ ಮುಖ ಸಡಿಲವಾಯಿತು. "ಇಷ್ಟು ದಿನ ಯಾಕಪ್ಪ ಹೇಳ್ನಿಲ್ಲ?"

"ಪೈಲ್ವಾನ ಅಲ್ವಾ."

"ನಾನು ಏನೇನೋ ಅಂದ್ಕಂಡು ಸಾಯ್ತಿದ್ನಲ್ಲಪ್ಪ," ಅಂದು ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಮಗುವನ್ನು ಅಪ್ಪನ ಎರಡು ಕೈಗಳ ಮೇಲೆ ಇಟ್ಟುಬಿಟ್ಟಳು. ಕೊಡಲೋ ಬೇಡವೋ ಎಂದು ಕೇಳಲೂ ಇಲ್ಲ.

ಮಗು ಅವರ ಅಂಗೈಯಷ್ಟೇ ಇತ್ತು. ಕಣ್ಣು ಬಿಟ್ಟು ನೋಡಿತು, ಆಕಳಿಸಿತು.

ಗೌಡರು ಉಸಿರು ಬಿಗಿಹಿಡಿದು ನಿಂತರು. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಎರಡೂ ಕೈಯಲ್ಲಿ ಎತ್ತಿಕೊಂಡಿದ್ದಾಯಿತು. ಮಣ್ಣು ಹಚ್ಚಬೇಕಾದರೆ ಒಂದು ಕೈ ಬಿಡಬೇಕು.

ರಾಚಪ್ಪ ತಟ್ಟೆಯನ್ನು ಹತ್ತಿರ ಹಿಡಿದ.

ಮುದ್ದೇಗೌಡರು ಮಗುವನ್ನು ಎಡತೋಳಿನ ಮೇಲೆ ಒರಗಿಸಿಕೊಂಡರು. ಬಲಗೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ಎಡತೋಳು ಒಮ್ಮೆ ನಡುಗಿತು.

ಪಕ್ಕದಲ್ಲಿದ್ದ ತಿಪ್ಪೇಶನಿಗೆ ತಡೆಯಲಾಗಲಿಲ್ಲ. ತನಗೇ ತಿಳಿಯದಂತೆ ಮುಂದೆ ಬಗ್ಗಿ ಮಗುವಿನ ಕೆಳಗೆ ತನ್ನ ಎರಡೂ ಕೈ ಒಡ್ಡಿದ.

ಸರ್ವಮಂಗಳಮ್ಮ ಅವನ ಭುಜದ ಮೇಲೆ ಕೈಯಿಟ್ಟರು.

"ಕೈ ತೆಗಿ ತಿಪ್ಪೇಶ. ಅವರು ಹಿಡ್ಕೊಂಡಿದ್ದಾರೆ."